ಲಾಸ್ ವೇಗಸ್‌ನಲ್ಲಿ ಫ್ರೀ ರೂಮು: ಮದ್ದೂರಿನ ಅಣ್ಣನಿಗೆ ಉತ್ತರ

ಅಣ್ಣ, ಮಗಳನ್ನು ನೋಡೋಕೆ ಅಮೆರಿಕಕ್ಕೆ ಹೋಗ್ತಿದ್ದೀವಿ, ಲಾಸ್ ವೇಗಸ್‌ನಲ್ಲಿ ಕ್ಯಾಸಿನೋದಲ್ಲಿ, ಅಂದರೆ ಜೂಜಿನ ಮನೆಯಲ್ಲಿ, ಮೆಂಬರ್ ಕಾರ್ಡ್ ಮಾಡಿಸಿದರೆ ರೂಮು ಫ್ರೀಯಂತೆ, ನಿಜವಾ ಅಂತ ಕೇಳಿದ್ದೀರಿ. ನಿಜ. ನಾವೂ ಮೈಸೂರಿನಿಂದ ಎರಡನೇ ಸಲ ಹೋದಾಗ ಎರಡು ರಾತ್ರಿ ಹಾಗೇ ಉಳಿದಿದ್ದೆವು. ಆದರೆ ಆ ರೂಮಿನ ದುಡ್ಡು ಎಲ್ಲಿಂದ ಬರುತ್ತದೆ ಅಂತ ಮೊದಲು ತಿಳಿದುಕೊಳ್ಳಿ.

ನೀವು ಒಂದು ಸಲಕ್ಕೆ ಎಷ್ಟು ಕಟ್ಟುತ್ತೀರಿ, ಎಷ್ಟು ಹೊತ್ತು ಆಡುತ್ತೀರಿ ಅಂತ ಕಾರ್ಡಿನಲ್ಲಿ ದಾಖಲಾಗುತ್ತದೆ. ಅದರಿಂದ ನೀವು ಸರಾಸರಿ ಎಷ್ಟು ಸೋಲಬಹುದು ಅಂತ ಲೆಕ್ಕ ಹಾಕುತ್ತಾರೆ. ತಿರುಗುವ ಚಕ್ರದಲ್ಲಿ ಗೋಲಿ ಯಾವ ನಂಬರಿಗೆ ಬೀಳುತ್ತೆ ಅಂತ ದುಡ್ಡು ಕಟ್ಟುವ ರೂಲೆಟ್ ಆಟವನ್ನೇ ನೋಡಿ. ಜೋಡಿ ಸೊನ್ನೆಯ ಚಕ್ರದಲ್ಲಿ ಸೊನ್ನೆ, ಜೋಡಿ ಸೊನ್ನೆ ಸೇರಿ 38 ಮನೆ. ಕಟ್ಟಿದ ದುಡ್ಡಿನಲ್ಲಿ ಸರಾಸರಿ ಕ್ಯಾಸಿನೋ ಪಾಲು ಶೇ. 5.26. ಸಲಕ್ಕೆ 25 ಡಾಲರ್, ಗಂಟೆಗೆ 40 ಸಲ, ನಾಲ್ಕು ಗಂಟೆ ಆಡಿದರೆ ಕಟ್ಟಿದ್ದು 4,000 ಡಾಲರ್. ಲೆಕ್ಕದ ಸೋಲು ಸುಮಾರು 210. ಇದರಲ್ಲಿ ಒಂದು ಪಾಲನ್ನು ಮಾತ್ರ ರೂಮು, ಊಟ ಅಂತ ವಾಪಸ್ ಕೊಡುತ್ತಾರೆ. ರೂಮಿಗೋಸ್ಕರ ಆಡಬೇಡಿ ಅಣ್ಣ. ದುಡ್ಡು ಕೊಟ್ಟು ರೂಮು ಮಾಡುವುದೇ ಅಗ್ಗ.

ಕಾರ್ಡ್ ಮಾತ್ರ ಖಂಡಿತ ಮಾಡಿಸಿ. ದುಡ್ಡು ಕೊಡಬೇಕಿಲ್ಲ. 21 ವರ್ಷ ತುಂಬಿರಬೇಕು, ಪಾಸ್‌ಪೋರ್ಟ್ ಜೊತೆಗಿರಲಿ. ಎಂಜಿಎಂ ಕ್ಯಾಸಿನೋ ಕಂಪನಿಯ ಕಾರ್ಡ್ ಯೋಜನೆಯಾದ ಎಂಜಿಎಂ ರಿವಾರ್ಡ್ಸ್‌ನಲ್ಲಿ ಆಟಕ್ಕಷ್ಟೇ ಅಲ್ಲ, ರೂಮು, ಊಟಕ್ಕೆ ಕೊಟ್ಟ ದುಡ್ಡಿಗೂ ಪಾಯಿಂಟ್ ಸೇರುತ್ತದೆ. ಹೇಗೂ ಮಾಡುವ ಖರ್ಚು ಅಲ್ವಾ, ಸುಮ್ನೆ ಯಾಕೆ ಬಿಡೋದು?

ಇಷ್ಟು ಡಾಲರ್ ಹೋದರೆ ಹೋಗಲಿ ಅಂತ ಮೊದಲೇ ಎತ್ತಿಟ್ಟು ಸ್ವಲ್ಪ ಆಡುವುದಾದರೆ, ಸ್ಲಾಟ್ ಮೆಷಿನ್‌ಗೆ ಕಾರ್ಡ್ ಹಾಕಿಯೇ ಶುರು ಮಾಡಿ. ಟೇಬಲ್ ಆಟವಾದರೆ ಕೂರುವಾಗಲೇ ಆಟ ನಡೆಸುವ ಡೀಲರ್‌ಗೆ ಕಾರ್ಡ್ ಕೊಡಿ. ಆಮೇಲೆ ಕೊಟ್ಟರೆ ಅಲ್ಲಿವರೆಗಿನದು ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ಮುಖ್ಯ ವಿಷಯ. ಸಾಮಾನ್ಯವಾಗಿ ನೀವು ಆಡಿದ ದಿನಗಳ ಸರಾಸರಿ ಮೇಲೆ ಫ್ರೀ ರೂಮಿನ ಆಫರ್ ನಿಂತಿರುತ್ತದೆ. ಒಂದು ದಿನ ಚೆನ್ನಾಗಿ ಆಡಿ ಮಾರನೇ ದಿನ ಹತ್ತು ನಿಮಿಷ ಕೂತರೆ ಸರಾಸರಿ ಇಳಿದುಹೋಗುತ್ತದೆ. ಆಫರ್ ಇಮೇಲ್‌ಗೆ ಬರುತ್ತದೆ, ನಮಗೂ ಮೊದಲ ಸಲ ಹೋಗಿ ಬಂದ ಮೇಲೇ ಬಂದಿದ್ದು. ಹಾಗಾಗಿ ಮೊದಲ ಸಲವೇ ಫ್ರೀ ಅಂತ ನಂಬಿಕೊಂಡು ಹೋಗಬೇಡಿ.

ಫ್ರೀ ರೂಮು ಜಾಸ್ತಿ ಸಿಗುವುದು ಭಾನುವಾರದಿಂದ ಗುರುವಾರದವರೆಗೆ. ಶುಕ್ರವಾರ, ಶನಿವಾರ ಅಲ್ಲಿ ನಮ್ಮ ಜಂಬೂ ಸವಾರಿ ವಾರದ ಲಾಡ್ಜ್ ರೇಟಿನ ಹಾಗೆ.

ನಾವು ಪೆಟ್ಟು ತಿಂದಿದ್ದು ರೆಸಾರ್ಟ್ ಫೀ, ಅಂದರೆ ಬಾಡಿಗೆ ಅಲ್ಲದೆ ಹೋಟೆಲ್ ಹಾಕುವ ಶುಲ್ಕದ ವಿಷಯದಲ್ಲಿ. ಬಾಡಿಗೆ ಸೊನ್ನೆ ಅಂತ ಖುಷಿಯಾಗಿ ಹೋದರೆ, ಕೌಂಟರಿನಲ್ಲಿ ದಿನಕ್ಕಿಷ್ಟು ಅಂತ ಬೇರೆ ಬಿಲ್ ಕೊಟ್ಟರು. ನನ್ನ ಹೆಂಡತಿಗೆ ತುಂಬಾ ಬೇಜಾರಾಯಿತು. ಮೇಲಿನ ದರ್ಜೆಯ ಕಾರ್ಡಿದ್ದರೆ ಆ ಫೀ ಬಿಡುತ್ತಾರೆ, ಸೀಸರ್ಸ್ ಅನ್ನೋ ಇನ್ನೊಂದು ಕ್ಯಾಸಿನೋ ಕಂಪನಿಯಲ್ಲಾದರೆ ಡೈಮಂಡ್ ದರ್ಜೆ. ಬುಕ್ ಮಾಡುವಾಗಲೇ ಇದನ್ನು ಕೇಳಿ. ಚೆಕ್ ಇನ್ ಮಾಡುವಾಗ ಡೆಪಾಸಿಟ್ ಅಂತ ಕ್ರೆಡಿಟ್ ಕಾರ್ಡಿನಲ್ಲಿ ಸ್ವಲ್ಪ ದುಡ್ಡು ತಡೆಹಿಡಿಯುತ್ತಾರೆ, ಅದಕ್ಕೂ ಲಿಮಿಟ್‌ನಲ್ಲಿ ಜಾಗ ಇಟ್ಟುಕೊಳ್ಳಿ.

ನಿಮ್ಮ ತಾರೀಖು ಇಲ್ಲೇ ಹಾಕಿ ಅಣ್ಣ. ವಾರದ ಮಧ್ಯೆ ಬೀಳುತ್ತಾ ಅಂತ ನೋಡಿ ಹೇಳುತ್ತೇನೆ.