ಮಿಲ್ ಸಾಲಕ್ಕೆ ಸಹಿ ಹಾಕುವ ಮುಂಚೆ ಒಂದೇ ಬೆಳೆಯ ಲೆಕ್ಕ ಹಾಕಿ

ಅಣ್ಣಾ, ಕಾರಟಗಿ ಹತ್ತಿರದ ಹಳೇ ರೈಸ್ ಮಿಲ್ ನಾಲ್ಕು ಜನ ಸೇರಿ 2.5 ಕೋಟಿಗೆ ಕೊಳ್ಳುತ್ತೇವೆ, ಎರಡು ಬ್ಯಾಂಕಿನಲ್ಲಿ ಅರ್ಧ ಪರ್ಸೆಂಟ್ ಬಡ್ಡಿ ಕಡಿಮೆ ಇರುವ ಕಡೆ ಹೋಗೋದಾ ಅಂತ ಕೇಳಿದ್ದೀರಿ. 1.5 ಕೋಟಿ ಸಾಲಕ್ಕೆ ಆ ಅರ್ಧ ಪರ್ಸೆಂಟ್ ಅಂದರೆ ವರ್ಷಕ್ಕೆ 75 ಸಾವಿರ. ಅದಕ್ಕಿಂತ ಷರತ್ತಿನ ಪುಟ ಮುಖ್ಯ.

ನೀವು ಹಾಕಿದ ಆ ಪುಟದ ಫೋಟೋದಲ್ಲಿ ಡಿಎಸ್‌ಸಿಆರ್ (ವರ್ಷದ ಕಂತಿನ ಎಷ್ಟು ಪಟ್ಟು ಹಣ ಕೈಯಲ್ಲಿ ಉಳಿಯುತ್ತದೆ ಅನ್ನೋ ಲೆಕ್ಕ) 1.25 ಇರಬೇಕು ಅಂತ ಇದೆ. ಅಂದರೆ ಅಸಲು ಬಡ್ಡಿ ಸೇರಿ ವರ್ಷಕ್ಕೆ 36 ಲಕ್ಷ ಕಟ್ಟಬೇಕಾದರೆ ಖರ್ಚೆಲ್ಲ ಕಳೆದು 45 ಲಕ್ಷ ಕೈಯಲ್ಲಿ ಉಳಿಯಬೇಕು. ಮಾಲೀಕರು 50 ಲಕ್ಷ ಉಳಿಯುತ್ತದೆ ಅನ್ನುತ್ತಾರೆ, ಆದರೆ ಅದು ಎರಡೂ ಬೆಳೆ ಬಂದ ವರ್ಷದ ಮಾತು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ನಮಗೆಲ್ಲ ಎದೆ ಧಸಕ್ಕೆಂದಿತ್ತು ಅಲ್ವಾ? ಕಾಲುವೆಗೆ ನೀರು ಬಿಡದೆ ಬೇಸಿಗೆ ನೆಲ್ಲು ಬರದ ವರ್ಷ 30 ಲಕ್ಷವೇ ಉಳಿದರೆ ಕಂತಿಗೇ ಸಾಲದು. ಕೈಯಿಂದ ಹಾಕಿ ಕಂತು ಕಟ್ಟಿದರೂ ಷರತ್ತು ಮುರಿದಂತೆಯೇ. ಬ್ಯಾಂಕ್ ದಂಡ ಹಾಕಬಹುದು, ಸಾಲದ ಲಿಮಿಟ್ ಕಡಿಮೆ ಮಾಡಬಹುದು. ಒಂದು ವರ್ಷ ತಪ್ಪಿದರೆ ಸರಿಮಾಡಿಕೊಳ್ಳಲು ಎಷ್ಟು ಟೈಮ್ ಅಂತ ಬರವಣಿಗೆಯಲ್ಲಿ ಕೇಳಿ. ಕಂತು ಕೂಡ ತಿಂಗಳ ಬದಲು ಸುಗ್ಗಿ ನೋಡಿ ಇಡಿಸಿಕೊಳ್ಳಿ.

ಸಿಸಿ (ಕ್ಯಾಶ್ ಕ್ರೆಡಿಟ್, ಅಂದರೆ ಸ್ಟಾಕಿನ ಮೇಲೆ ಬೇಕಾದಾಗ ತೆಗೆಯುವ ಸಾಲ) ಲಿಮಿಟ್ 60 ಲಕ್ಷ ಅಂತ ಇದ್ದರೆ ಅಷ್ಟೂ ಸಿಗುತ್ತದೆ ಅಂದುಕೊಳ್ಳಬೇಡಿ. ನಾವು ಮೊದಲ ಸುಗ್ಗಿಯಲ್ಲಿ ಸಿಕ್ಕಿಹಾಕಿಕೊಂಡದ್ದು ಇಲ್ಲೇ. ಗೋಡೌನ್ ತುಂಬಾ ಚೀಲ, ಲೆಕ್ಕಕ್ಕೆ 80 ಲಕ್ಷದ ಸ್ಟಾಕು. ಅದರಲ್ಲಿ ರೈತರಿಗೆ ಕೊಡಬೇಕಾದ 30 ಲಕ್ಷ ಬ್ಯಾಂಕಿನವರು ಕಳೆದರು, ಉಳಿದ 50ರಲ್ಲಿ ಶೇ 25 ಮಾರ್ಜಿನ್ (ನಾವೇ ಹಾಕಬೇಕಾದ ಪಾಲು) ಕಳೆದರು, ತೆಗೆಯಲು ಸಿಕ್ಕಿದ್ದು 37.5 ಲಕ್ಷ. ಬಾಗಿಲಲ್ಲಿ ನಿಂತ ರೈತರಿಗೆ ಮುಖ ತೋರಿಸೋದು ಕಷ್ಟವಾಗಿತ್ತು.

ಇನ್ನು ಮಿಲ್‌ನ ರೇಟು. ಮಾಲೀಕರು 50 ಲಕ್ಷವನ್ನು ಐದರಿಂದ ಗುಣಿಸಿ 2.5 ಕೋಟಿ ಹೇಳಿದ್ದಾರೆ. ನಾಲ್ಕು ವರ್ಷಕ್ಕೊಮ್ಮೆ ಒಂದೇ ಬೆಳೆ ಅಂತ ಹಿಡಿದರೆ ಸರಾಸರಿ 45 ಲಕ್ಷ, ಅದೇ ಲೆಕ್ಕಕ್ಕೆ 2.25 ಕೋಟಿ. ಹೊಸ ಮಿಲ್ ಕಟ್ಟಲು ಇಷ್ಟಾಗುತ್ತದೆ ಅನ್ನೋ ವಾದ ಬೇರೆ, ದುಡಿಯದ ಮಷಿನ್‌ಗೆ ಆ ಬೆಲೆ ಯಾರೂ ಕೊಡೋಲ್ಲ. ಬ್ಯಾಂಕಿನ ವ್ಯಾಲ್ಯುಯರ್ ವರದಿಯಲ್ಲಿ ಮಾರುಕಟ್ಟೆ ಬೆಲೆಯ ಕೆಳಗೆ, ಅವಸರಕ್ಕೆ ಮಾರಿದರೆ ಎಷ್ಟು ಅನ್ನುವ ಬೆಲೆಯೂ ಇರುತ್ತದೆ. ಅದನ್ನೂ ನೋಡಿ. ಸಾಲ ಕೆಟ್ಟರೆ ಆ ಬೆಲೆಗೂ ಸಾಲಕ್ಕೂ ನಡುವಿನ ಅಂತರ ನಿಮ್ಮ ತಲೆಗೇ ಬರುತ್ತದೆ, ಯಾಕಂದ್ರೆ ಜಾಮೀನಿಗೆ ನಾಲ್ವರೂ ಸಹಿ ಹಾಕುತ್ತೀರಿ ಮತ್ತು ಪೂರ್ತಿ ಸಾಲವನ್ನು ಒಬ್ಬರಿಂದಲೇ ಕೇಳುವ ಹಕ್ಕು ಬ್ಯಾಂಕಿಗೆ ಇರುತ್ತದೆ.

ಮಾಲೀಕರಿಂದ ಮೂರು ವರ್ಷದ ಜೆಸ್ಕಾಂ ಕರೆಂಟ್ ಬಿಲ್ ಇಸಕೊಳ್ಳಿ. ಮಿಲ್ ಯಾವ ತಿಂಗಳು ಓಡಿದೆ, ಯಾವ ತಿಂಗಳು ನಿಂತಿದೆ ಅಂತ ಯೂನಿಟ್ ನೋಡಿದರೆ ಗೊತ್ತಾಗುತ್ತದೆ. ಬಿಲ್ ಸಿಕ್ಕರೆ ಇಲ್ಲೇ ಹಾಕಿ, ಕೂತು ನೋಡೋಣ.