ನಳ ಬರುವ ದಿನ ನೋಡಿಕೊಂಡು ಬೀಜ ಹಾಕಿ

ಶಿವರಾತ್ರಿ ಹತ್ತಿರ ಬಂತು ಅಂದರೆ ಕೈತೋಟದ ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತವೆ. ಹೆಚ್ಚಿನವರು ಕೇಳುವುದು ಬೀಜ, ಗೊಬ್ಬರದ ಬಗ್ಗೆ. ಆದರೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಮಾರ್ಚ್‌ನಿಂದ ಮೇ ತನಕ ತೋಟ ಉಳಿಯುವುದೂ ಒಣಗುವುದೂ ನೀರಿನ ಮೇಲೆ. ಮನೆಮಂದಿಯ ಆರೋಗ್ಯವೂ ಬಹಳ ಮಟ್ಟಿಗೆ ಆ ನೀರು ತುಂಬಿಡುವ ಡ್ರಮ್ಮಿನ ಜೊತೆಗೇ ಗಂಟು ಬಿದ್ದಿದೆ. ಹಾಗಾಗಿ ಉತ್ತರಗಳಲ್ಲಿ ನೀರಿನ ಮಾತು ಜಾಸ್ತಿ ಬಂದರೆ ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೊದಲ ಸಲ ಮಾಳಿಗೆ ಮೇಲೆ ತೋಟ ಮಾಡಬೇಕೆಂದು 40 ಗ್ರೋ ಬ್ಯಾಗ್ ತಂದಿದ್ದೇವೆ. ಟೊಮೆಟೊ, ಹೂಕೋಸು, ಬೆಂಡೆ, ಮೆಂತ್ಯ ಹಾಕುವ ಆಸೆ. ನಳ ಬರುವುದು ಐದು ದಿನಕ್ಕೊಮ್ಮೆ. ಯಾವಾಗ ಶುರು ಮಾಡಲಿ? (ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಪಟ್ಟಿಯಿಂದ ಹೂಕೋಸನ್ನು ಈಗಲೇ ತೆಗೆದುಬಿಡಿ. ಅದು ಚಳಿಗಾಲದ ಬೆಳೆ. ದಸರೆಯ ಹೊತ್ತಿಗೆ ನೆನಪು ಮಾಡಿಕೊಳ್ಳಿ. ಟೊಮೆಟೊ ಗಿಡ ಬೇಸಿಗೆಯಲ್ಲೂ ಬದುಕುತ್ತದೆ, ಹೂವೂ ಬಿಡುತ್ತದೆ. ಆದರೆ ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಇದ್ದರೆ ಪರಾಗ ಕೆಲಸಕ್ಕೆ ಬರುವುದಿಲ್ಲ. ಹೂ ಉದುರುತ್ತದೆ, ಕಾಯಿ ಕಟ್ಟುವುದಿಲ್ಲ. ಈಗ ಬೀಜ ಹಾಕಿದರೆ ಅದು ಹೂ ಬಿಡುವುದು ಸರಿಯಾಗಿ ಏಪ್ರಿಲ್ ಬಿಸಿಲಿಗೆ. ಟೊಮೆಟೊ ಮಳೆಗಾಲಕ್ಕೆ ಇರಲಿ.

ಶಿವರಾತ್ರಿಯಿಂದ ಯುಗಾದಿಯ ನಡುವೆ ಹಾಕಲು ಬೆಂಡೆ, ಚವಳಿಕಾಯಿ, ಹೀರೆ, ಸವತೆ, ರಾಜಗಿರಿ, ಪುಂಡಿ ಪಲ್ಯ ಒಳ್ಳೆಯವು. ಇವು ಬಿಸಿಲಿಗೆ ಹೆದರುವುದಿಲ್ಲ. ಚವಳಿಕಾಯಿಗೆ ನೀರೂ ಕಡಿಮೆ ಸಾಕು. ಬೆಂಡೆ ಬೀಜವನ್ನು ಒಂದು ರಾತ್ರಿ ನೆನೆಸಿ, ನೇರವಾಗಿ ಬ್ಯಾಗಿಗೇ ಹಾಕಿ. ಅದರ ತಾಯಿ ಬೇರಿಗೆ ಕಿತ್ತು ನೆಡುವುದು ಆಗಿಬರುವುದಿಲ್ಲ. ಬ್ಯಾಗಿಗೆ ಒಂದೇ ಗಿಡ ಬಿಡಿ. 45-50 ದಿನಕ್ಕೆ ಕಾಯಿ ಶುರುವಾಗುತ್ತದೆ. ಆಮೇಲೆ ದಿನ ಬಿಟ್ಟು ದಿನ ಕೊಯ್ಯಲೇಬೇಕು. ನಾಲ್ಕು ದಿನ ಊರಿಗೆ ಹೋಗಿ ಬಂದರೆ ಕಾಯಿ ನಾರಾಗಿರುತ್ತದೆ. ರಾಜಗಿರಿ 25-30 ದಿನಕ್ಕೆ ಅಡುಗೆಗೆ ಬರುತ್ತದೆ. ಮೆಂತ್ಯ ಬೇಕೇ ಬೇಕೆಂದರೆ ಮಧ್ಯಾಹ್ನ ನೆರಳು ಬೀಳುವ ಕಡೆ ಹಾಕಿ, ಎಳೆಯದಿರುವಾಗಲೇ ಕಿತ್ತುಬಿಡಿ.

ಈಗ ಲೆಕ್ಕಕ್ಕೆ ಬರೋಣ. ಒಂದಡಿ ಅಗಲ, ಒಂದಡಿ ಎತ್ತರದ ಬ್ಯಾಗಿಗೆ ಏಪ್ರಿಲ್‌ನಲ್ಲಿ ದಿನಕ್ಕೆ ಒಂದರಿಂದ ಎರಡು ಲೀಟರ್ ನೀರು ಬೇಕು. ಒಂದೂವರೆ ಎಂದೇ ಹಿಡಿಯಿರಿ. 40 ಬ್ಯಾಗಿಗೆ ದಿನಕ್ಕೆ 60 ಲೀಟರ್, ಐದು ದಿನಕ್ಕೆ 300 ಲೀಟರ್. ಅಂದರೆ 200 ಲೀಟರಿನ ಒಂದೂವರೆ ಡ್ರಮ್ಮು ಬರೀ ಗಿಡಕ್ಕೇ ಹೋಯಿತು. ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದಿಂದ ಅಷ್ಟು ದೂರ ಬರುವ ಕುಡಿಯುವ ನೀರು ಇದು. ಮನೆಯಲ್ಲಿ ಅಷ್ಟು ಉಳಿಯುತ್ತದಾ? ಇಲ್ಲವಾದರೆ ಈ ಬೇಸಿಗೆಗೆ 15 ಬ್ಯಾಗ್ ಸಾಕು. ಉಳಿದವು ಮಡಚಿಡಿ, ಜೂನ್‌ಗೆ ಬೇಕಾಗುತ್ತವೆ. ಸೊರಗಿದ 40 ಗಿಡಕ್ಕಿಂತ ಕಾಯಿ ಕೊಡುವ 15 ಗಿಡ ಎಷ್ಟೋ ಮೇಲು.

ಅಕ್ಕಿ, ಬೇಳೆ, ಕಾಯಿಪಲ್ಯೆ ತೊಳೆದ ನೀರನ್ನು ಅವತ್ತೇ ಗಿಡಕ್ಕೆ ಹಾಕಿ. ಉಪ್ಪು ಹಾಕಿ ಸೊಪ್ಪು ನೆನೆಸಿದ ನೀರು ಮಾತ್ರ ಬೇಡ. ಮಣ್ಣಿನ ಮೇಲೆ ಎರಡು ಇಂಚು ಶೇಂಗಾ ಹೊಟ್ಟನ್ನೋ ಒಣ ಎಲೆಯನ್ನೋ ಹಾಸಿದರೆ ನೀರಿನ ಖರ್ಚು ಚೆನ್ನಾಗಿ ಇಳಿಯುತ್ತದೆ. ನೀರು ಹಾಕುವ ಮೊದಲು ಬೆರಳನ್ನು ಎರಡು ಇಂಚು ಒಳಗೆ ಇಳಿಸಿ ನೋಡಿ. ಒಳಗೆ ತಂಪಿದ್ದರೆ ಅವತ್ತು ಬೇಡ. ಇನ್ನೊಂದು ವಿಷಯ: ಅಷ್ಟು ದೊಡ್ಡ ಬ್ಯಾಗು ನೀರು ಕುಡಿದಾಗ 25-30 ಕಿಲೋ ತೂಗುತ್ತದೆ. ಮಾಳಿಗೆಯ ನಡುವೆ ಗುಂಪಾಗಿ ಇಡಬೇಡಿ. ಕೆಳಗೆ ಗೋಡೆ ಅಥವಾ ತೊಲೆ ಇರುವ ಅಂಚಿನ ಗುಂಟ ಇಡಿ.

ಪ್ರಶ್ನೆ: ನವಲಗುಂದದ ನಮ್ಮ ಹೊಲದಿಂದ ಎರೆ ಮಣ್ಣು ತಂದು ಕುಂಡ ತುಂಬಿದೆವು. ಹೊಲದಲ್ಲಿ ಬಂಗಾರದಂಥ ಮಣ್ಣು, ಕುಂಡದಲ್ಲಿ ಕಲ್ಲಾಗಿದೆ. ಯಾಕೆ? (ಸಪ್ತಾಪುರ, ಧಾರವಾಡ)

ಉತ್ತರ: ಎರೆಯ ಗುಣವೇ ಅದು. ಅದರಲ್ಲಿರುವ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಹೊಲದಲ್ಲಿ ಆಳಕ್ಕೆ ಹಸಿ ಹಿಡಿದಿಟ್ಟುಕೊಳ್ಳುವ ಈ ಗುಣದಿಂದಲೇ ಹಿಂಗಾರಿನ ಕಡಲೆ, ಬಿಳಿಜೋಳ ಬರುತ್ತವೆ. ಕುಂಡದಲ್ಲಿ ಆಳ ಎಲ್ಲಿದೆ? ಬೇರಿಗೆ ಗಾಳಿ ಸಿಗುವುದಿಲ್ಲ. ಒಣಗಿದ ಕುಂಡಕ್ಕೆ ನೀರು ಹಾಕಿದರೆ ಮಣ್ಣಿಗೂ ಕುಂಡದ ಗೋಡೆಗೂ ನಡುವಿನ ಬಿರುಕಿನಲ್ಲಿ ಸರ್ರನೆ ಇಳಿದು ತಳದಿಂದ ಹೊರಗೆ ಬರುತ್ತದೆ. ನೋಡಿದವರಿಗೆ ನೀರು ಸಾಕಾಯಿತು ಅನ್ನಿಸುತ್ತದೆ, ನಡುವಿನ ಮಣ್ಣು ಮಾತ್ರ ಒಣಗಿಯೇ ಇರುತ್ತದೆ.

ತಂದ ಮಣ್ಣು ಚೆಲ್ಲಬೇಡಿ. ಒಂದು ಬುಟ್ಟಿ ಎರೆಗೆ ಎರಡು ಬುಟ್ಟಿ ಕೆಂಪು ಮಸಾರಿ ಮಣ್ಣು, ಎರಡು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಬುಟ್ಟಿ ಮರಳು ಅಥವಾ ತೊಳೆದ ತೆಂಗಿನ ನಾರಿನ ಪುಡಿ ಸೇರಿಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು. ಹಸಿ ಸಗಣಿ ಬೇಡವೇ ಬೇಡ. ಬೇರು ಸುಡುತ್ತದೆ, ಗೊಣ್ಣೆಹುಳುವೂ ಬರುತ್ತದೆ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಎರೆ ಕ್ಷಾರದ ಮಣ್ಣು, ಅದರಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಗೊಬ್ಬರ ಜಾಸ್ತಿ ಬೆರೆಸಿದಷ್ಟೂ ಇದು ಕಡಿಮೆಯಾಗುತ್ತದೆ.

ಪ್ರಶ್ನೆ: ಹೋದ ವರ್ಷ ಮಗನಿಗೆ ಡೆಂಗಿ ಆಗಿತ್ತು. ಕುಂಡಗಳಿಂದಲೇ ಸೊಳ್ಳೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ತೋಟ ತೆಗೆದುಬಿಡಲೇ? (ಹಳೇ ಹುಬ್ಬಳ್ಳಿ)

ಉತ್ತರ: ತೋಟ ಇರಲಿ. ಮೊದಲು ಡ್ರಮ್ಮಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ನೀರಿನ ಮೇಲ್ಮೈಯಲ್ಲಿ ಬಾಲ ಮೇಲೆ, ತಲೆ ಕೆಳಗೆ ಮಾಡಿ ನೇತಾಡುವ ಸಣ್ಣ ಹುಳು ಕಾಣಿಸುತ್ತವಾ? ಬೆಳಕೋ ನೆರಳೋ ಬಿದ್ದ ಕೂಡಲೇ ಕೊಂಕುತ್ತಾ ತಳಕ್ಕೆ ಇಳಿಯುತ್ತವಾ? ಅವೇ ಸೊಳ್ಳೆಯ ಮರಿಗಳು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಗಟಾರದ ಕೊಳಕು ನೀರಿಗಿಂತ ಮನೆಯಲ್ಲಿ ತುಂಬಿಟ್ಟ ತಿಳಿ ನೀರನ್ನೇ ಹುಡುಕುತ್ತದೆ. ಕಚ್ಚುವುದೂ ಹಗಲು ಹೊತ್ತಿನಲ್ಲಿ.

ಬೇಸಿಗೆಯ ಬಿಸಿಗೆ ಮೊಟ್ಟೆ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ನಿಮ್ಮಲ್ಲಿ ನಳ ಎಂಟು ದಿನಕ್ಕೊಮ್ಮೆ ಬರುತ್ತದೆ, ಹಳೆ ನೀರಿನ ಮೇಲೆಯೇ ಹೊಸ ನೀರು ತುಂಬುತ್ತೀರಿ ಅಂದುಕೊಳ್ಳಿ. ಆಗ ಆ ಡ್ರಮ್ಮು ವರ್ಷವಿಡೀ ಸೊಳ್ಳೆ ಸಾಕುತ್ತಿದೆ. ಬರೀ ಖಾಲಿ ಮಾಡಿದರೂ ಆಗುವುದಿಲ್ಲ. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿನ ಸ್ವಲ್ಪ ಮೇಲೆ, ಡ್ರಮ್ಮಿನ ಗೋಡೆಗೆ ಅಂಟಿಸಿ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಸಾಯುವುದಿಲ್ಲ, ನೀರು ತಾಗಿದ ಕೂಡಲೇ ಒಡೆಯುತ್ತದೆ. ಹಾಗಾಗಿ ತಿಕ್ಕುವ ಕೆಲಸವೇ ಮುಖ್ಯ.

ಹೀಗೊಂದು ರೂಢಿ ಮಾಡಿಕೊಳ್ಳಿ. ನಾಳೆ ನಳ ಬರುತ್ತದೆ ಅಂದರೆ ಇವತ್ತು ಸಂಜೆ ಡ್ರಮ್ಮಿನ ತಳದಲ್ಲಿ ಉಳಿದ ನೀರನ್ನು ಪೂರ್ತಿ ಗಿಡಕ್ಕೆ ಹಾಕಿ. ಒಳಗಿನ ಗೋಡೆಯನ್ನು, ಅದರಲ್ಲೂ ನೀರಿನ ಗೆರೆ ಇರುವ ಕಡೆ, ನಾರಿನಿಂದ ಗಟ್ಟಿಯಾಗಿ ತಿಕ್ಕಿ ತೊಳೆಯಿರಿ. ತುಂಬಿದ ಮೇಲೆ ಹಳೆ ಧೋತರದ ಬಟ್ಟೆ ಕಟ್ಟಿ ಅದರ ಮೇಲೆ ಮುಚ್ಚಳ ಹಾಕಿ. ನಳ ಎಂಟು-ಹತ್ತು ದಿನಕ್ಕೆ ಬರುವ ಕಡೆ ಕಾಯಬೇಡಿ. ಡ್ರಮ್ಮುಗಳನ್ನು ಸರದಿಯಲ್ಲಿ ಖಾಲಿ ಮಾಡುತ್ತಾ ವಾರಕ್ಕೊಮ್ಮೆ ಪ್ರತಿಯೊಂದನ್ನೂ ತಿಕ್ಕಿ. ಅವತ್ತೇ ಕುಂಡದ ಕೆಳಗಿನ ತಟ್ಟೆ, ಫ್ರಿಜ್ ಹಿಂದಿನ ಟ್ರೇ, ಕೂಲರ್, ಮಾಳಿಗೆ ಮೇಲೆ ಬಿದ್ದಿರುವ ಹಳೆ ಟೈರು ನೋಡಿಬಿಡಿ. ಕುಂಡದ ಕೆಳಗೆ ತಟ್ಟೆ ಇಡದಿದ್ದರೆ ಇನ್ನೂ ಒಳ್ಳೆಯದು. ಗಿಡಕ್ಕೂ ತಟ್ಟೆಯಲ್ಲಿ ನಿಂತ ನೀರು ಬೇಕಿಲ್ಲ.

ಡೆಂಗಿ ಒಮ್ಮೆ ಬಂದವರಿಗೆ ಮತ್ತೆ ಬರಬಹುದು, ಎರಡನೇ ಸಲದ್ದು ಜೋರಾಗಿರುವ ಸಾಧ್ಯತೆ ಜಾಸ್ತಿ. ಮಗನಿಗೆ ಜ್ವರ ಬಂದರೆ ಬ್ರೂಫೆನ್, ಆಸ್ಪಿರಿನ್ ಥರದ ಗುಳಿಗೆ ನೀವೇ ಕೊಡಬೇಡಿ. ಅವುಗಳಿಂದ ರಕ್ತಸ್ರಾವದ ಅಪಾಯ ಹೆಚ್ಚು. ನೇರ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಬೋರ್‌ವೆಲ್ ನೀರು ಹಾಕಿದರೆ ಕುಂಡದ ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತದೆ, ಎಲೆಯ ಅಂಚು ಸುಡುತ್ತದೆ. ಆರ್‌ಒ ಯಂತ್ರದಿಂದ ಹೊರಗೆ ಹೋಗುವ ನೀರು ಹಾಕಬಹುದೇ? (ಗದಗ)

ಉತ್ತರ: ಬಿಳಿ ಪದರ ಉಪ್ಪಿನದು. ಆರ್‌ಒದಿಂದ ಹೊರಬೀಳುವ ನೀರಿನಲ್ಲಿ ಆ ಉಪ್ಪು ಇನ್ನೂ ಜಾಸ್ತಿ ಇರುತ್ತದೆ. ಅದನ್ನು ನೆಲ ಒರೆಸಲು, ಪಾಯಖಾನೆಗೆ ಬಳಸಿ.

ಬೋರ್ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಎಲ್ಲಿ ಎಂದು ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ವರದಿಯಲ್ಲಿ ಇಸಿ ಎಂಬ ಅಂಕಿ ನೋಡಿ, ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ಅದು ಹೇಳುತ್ತದೆ. ಡೆಸಿಸೀಮನ್ಸ್ ಲೆಕ್ಕದಲ್ಲಿ 0.7ರ ಒಳಗಿದ್ದರೆ ಚಿಂತೆ ಇಲ್ಲ, 3 ದಾಟಿದ್ದರೆ ಆ ನೀರಿನಲ್ಲಿ ಕುಂಡದ ತರಕಾರಿ ಆಗದ ಮಾತು. ನಡುವೆ ಇದ್ದರೆ ಪಾಲಕ್, ಬೀಟ್‌ರೂಟ್ ತಡೆದುಕೊಳ್ಳುತ್ತವೆ, ಬೀನ್ಸ್ ತಡೆಯುವುದಿಲ್ಲ. ದಿನಾ ಚಮಚದಲ್ಲಿ ಎರೆದ ಹಾಗೆ ಹಾಕದೆ, ಹಾಕಿದಾಗ ತಳದ ತೂತಿನಿಂದ ಸ್ವಲ್ಪ ಹರಿದು ಹೋಗುವಷ್ಟು ಹಾಕಿ. ಉಪ್ಪು ಅದರ ಜೊತೆ ಇಳಿದು ಹೋಗುತ್ತದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಗದಗ ಜಿಲ್ಲೆಯ ಹಲವು ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪಾಲು ಜಾಸ್ತಿಯೇ ಆಗುತ್ತದೆ. ಪರೀಕ್ಷೆಗೆ ಕೊಡುವಾಗ ಅದನ್ನೂ ನೋಡಲು ಹೇಳಿ.

ಪ್ರಶ್ನೆ: ಹೀರೇಕಾಯಿ ಬಳ್ಳಿ ಹಂದರ ತುಂಬಾ ಹಬ್ಬಿದೆ, ಹಳದಿ ಹೂವೋ ಹೂವು. ಕಾಯಿ ಮಾತ್ರ ನಿಲ್ಲುತ್ತಿಲ್ಲ. (ರಾಣೆಬೆನ್ನೂರು)

ಉತ್ತರ: ಮೊದಲ ಹತ್ತು-ಹದಿನೈದು ದಿನ ಬರುವುದು ಬಹುತೇಕ ಗಂಡು ಹೂವೇ. ಅವು ಗೊಂಚಲಾಗಿ ಬಂದು ಉದುರುತ್ತವೆ, ಅದು ರೋಗ ಅಲ್ಲ. ಹೆಣ್ಣು ಹೂ ಒಂಟಿಯಾಗಿ ಬರುತ್ತದೆ, ಅದರ ಹಿಂದೆ ಬೆರಳಿನ ಉಗುರಷ್ಟು ಉದ್ದದ ಎಳೆ ಹೀರೆ ಇರುತ್ತದೆ. ಅದೂ ಹಳದಿಯಾಗಿ ಬೀಳುತ್ತಿದ್ದರೆ ಪರಾಗ ಸೇರಿಲ್ಲ ಎಂದರ್ಥ.

ಹೀರೆ ಹೂ ಅರಳುವುದು ಸಂಜೆ ಹೊತ್ತು. ಜೇನು ಅಷ್ಟೊತ್ತಿಗೆ ಗೂಡು ಸೇರಿರುತ್ತದೆ. ಊರೊಳಗಿನ ಮಾಳಿಗೆಗೆ ರಾತ್ರಿ ಹಾರುವ ಪತಂಗಗಳೂ ಅಷ್ಟಾಗಿ ಬರುವುದಿಲ್ಲ. ಸಂಜೆ ಆರೂವರೆ-ಏಳಕ್ಕೆ ಆಗತಾನೇ ಅರಳಿದ ಗಂಡು ಹೂ ಕಿತ್ತು, ಎಸಳು ಹಿಂದಕ್ಕೆ ಮಡಚಿ, ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಒಂದು ಗಂಡು ಹೂ ಎರಡು-ಮೂರು ಹೆಣ್ಣು ಹೂವಿಗೆ ಸಾಕು. ಸವತೆ, ಹಾಗಲಕ್ಕೆ ಇದೇ ಕೆಲಸವನ್ನು ಬೆಳಿಗ್ಗೆ ಮಾಡಬೇಕು. ಕಾಯಿ ನಿಂತ ಮೇಲೆ ಚುಚ್ಚಿದ ಗುರುತು ಬಿದ್ದು, ಸೊಟ್ಟಗಾಗಿ ಒಳಗೆ ಹುಳು ಬಂದರೆ ಅದು ಹಣ್ಣುನೊಣ. ಎಳೆ ಕಾಯಿಗೆ ಕಾಗದದ ಚೀಲ ಕಟ್ಟಿ. ಈ ನೊಣವನ್ನು ವಾಸನೆಯಿಂದ ಸೆಳೆದು ಹಿಡಿಯುವ ಕ್ಯೂ ಲ್ಯೂರ್ ಬಲೆ ಸಿಕ್ಕರೆ ಒಂದು ತೂಗುಹಾಕಿ. ಮಾವಿಗೆ ಕಟ್ಟುವ ಬಲೆ ಬೇರೆ, ಅದು ಇಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ಬ್ಯಾಡಗಿ ಮೆಣಸಿನ ಬೀಜ ಕುಂಡಕ್ಕೆ ಹಾಕಿದ್ದೆ. ಎಲೆ ಮುಟುರಿಕೊಂಡಿದೆ. (ಹಾವೇರಿ)

ಉತ್ತರ: 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಪಡೆದ ಬ್ಯಾಡಗಿ ಮೆಣಸು ಮುಂಗಾರಿಗೆ ಹಾಕುವ ಬೆಳೆ. ಬೇಸಿಗೆಯ ಒಣ ಬಿಸಿಗೆ ರಸ ಹೀರುವ ಸಣ್ಣ ಕೀಟಗಳಾದ ಥ್ರಿಪ್ಸ್, ನುಸಿ ಎರಡೂ ಮುತ್ತುತ್ತವೆ. ಎಲೆ ಮೇಲಕ್ಕೆ ಮುದುಡಿದ್ದರೆ ಥ್ರಿಪ್ಸ್, ದೋಣಿ ಬೋರಲು ಹಾಕಿದಂತೆ ಕೆಳಕ್ಕೆ ಬಾಗಿದ್ದರೆ ನುಸಿ. ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಕಲಸಿ, ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಪೂರ್ತಿ ಮುಟುರಿದ ಗಿಡ ಕಿತ್ತುಬಿಡಿ. ಡಬ್ಬಿ ಅಥವಾ ಕಡ್ಡಿ ತಳಿಯ ಒಳ್ಳೆ ಬೀಜ ಹುಡುಕಿಟ್ಟುಕೊಂಡು ಜೂನ್‌ನಲ್ಲಿ ಮತ್ತೆ ಹಾಕಿ.

ಪ್ರಶ್ನೆ: ಅಮ್ಮನಿಗೆ 68 ವರ್ಷ, ಬಿಪಿ ಗುಳಿಗೆ ತಗೊಳ್ಳುತ್ತಾರೆ. ಮಾಳಿಗೆ ತೋಟ ಬಿಡಲೊಲ್ಲರು, ಮಟಮಟ ಮಧ್ಯಾಹ್ನವೂ ಅಲ್ಲೇ ಇರುತ್ತಾರೆ. (ಮಾಳಮಡ್ಡಿ, ಧಾರವಾಡ)

ಉತ್ತರ: ಬಿಡಿಸಬೇಡಿ. ಬಗ್ಗಿ ಎದ್ದು ಮಾಡುವ ಆ ಕೆಲಸ ಅವರಿಗೆ ಒಳ್ಳೆಯದೇ. ಹೊತ್ತು ಮಾತ್ರ ಬದಲಿಸಿ. ಬೆಳಿಗ್ಗೆ ಎಂಟೂವರೆ ಒಳಗೆ, ಸಂಜೆ ಐದೂವರೆ ಮೇಲೆ. ಕೆಲವು ಬಿಪಿ ಗುಳಿಗೆಗಳು ಮೂತ್ರದ ಮೂಲಕ ನೀರು, ಉಪ್ಪು ಹೊರಹಾಕುತ್ತವೆ. ಬಿಸಿಲಿಗೆ ಬೆವರೂ ಸೇರಿದರೆ ಕೂತವರು ಎದ್ದ ಕೂಡಲೇ ತಲೆ ತಿರುಗುತ್ತದೆ. ಮೆಟ್ಟಿಲ ಹತ್ತಿರ ಹಾಗಾದರೆ ಕಷ್ಟ. ಬೇಸಿಗೆಗೆ ಗುಳಿಗೆಯ ಪ್ರಮಾಣ ಬದಲಿಸಬೇಕೇ ಎಂದು ಅವರ ಡಾಕ್ಟರನ್ನೇ ಕೇಳಿ, ನೀವಾಗಿ ನಿಲ್ಲಿಸಬೇಡಿ. ಮೇಲೆ ಹೋಗುವಾಗ ಒಂದು ತಂಬಿಗೆ ನೀರು ಜೊತೆಗಿರಲಿ. ಮಜ್ಜಿಗೆ ಒಳ್ಳೆಯದು, ಆದರೆ ಬಿಪಿ ಇರುವುದರಿಂದ ಉಪ್ಪು ಕಡಿಮೆ. ತುಂಬಿದ ಕೊಡ ಹೊತ್ತು ಮೆಟ್ಟಿಲು ಹತ್ತುವ ಕೆಲಸ ನೀವು ಮಾಡಿ. ಕುಂಡಗಳನ್ನು ಸೊಂಟದ ಎತ್ತರದ ಕಟ್ಟೆಗೆ ಏರಿಸಿಕೊಟ್ಟರೆ ಮೊಣಕಾಲಿಗೂ ಆರಾಮ. ಮುಳ್ಳೋ ತಂತಿಯೋ ಚುಚ್ಚಿದರೆ ಸೋಪು ಹಾಕಿ ತೊಳೆದು, ಧನುರ್ವಾಯು ಚುಚ್ಚುಮದ್ದು ಹಾಕಿಸಿ ಎಷ್ಟು ವರ್ಷವಾಯಿತು ನೋಡಿ.

ಪ್ರಶ್ನೆ: ರಂಗಪಂಚಮಿಗೆ ಮೈ, ಬಟ್ಟೆ ತೊಳೆದ ನೀರು ಬಹಳ ಇರುತ್ತದೆ. ಗಿಡಕ್ಕೆ ಹಾಕಿದರೆ ನೀರು ಉಳಿಯುತ್ತದಲ್ಲ? (ದಾಜಿಬಾನಪೇಟೆ, ಹುಬ್ಬಳ್ಳಿ)

ಉತ್ತರ: ಬೇಡ. ಪೇಟೆಯ ಬಣ್ಣದಲ್ಲಿ ಏನೇನು ಸೇರಿರುತ್ತದೆ ಎಂದು ಪೊಟ್ಟಣದ ಮೇಲೂ ಬರೆದಿರುವುದಿಲ್ಲ. ತಿನ್ನುವ ಸೊಪ್ಪಿಗೆ ಅದು ಸುತರಾಂ ಬೇಡ. ಹಿಂದಿನ ರಾತ್ರಿಯೇ ಗಿಡಗಳಿಗೆ ನೀರು ಹಾಕಿ, ಕುಂಡಗಳ ಮೇಲೆ ಹಳೆ ಸೀರೆ ಹೊದಿಸಿಡಿ. ಎಲೆಯ ಮೇಲೆ ಬಣ್ಣ ಬಿದ್ದರೆ ಆ ಎಲೆ ಚಿವುಟಿ ತೆಗೆಯಿರಿ, ಎಂಟು ದಿನ ಬಿಟ್ಟು ಹೊಸ ಚಿಗುರು ಕೊಯ್ದುಕೊಳ್ಳಿ.