ಕೇಳಿ, ಹೇಳ್ತೀನಿ: ಉಗ್ಗುತ್ತಿದ್ದ ಹುಡುಗ, 35 ವರ್ಷದ ಮೈಕು

ಪ್ರಶ್ನೆ: ನನ್ನ ಮಗನಿಗೆ 12 ವರ್ಷ. ಮಾತಾಡುವಾಗ ಉಗ್ಗುತ್ತಾನೆ. ಕ್ರಿಕೆಟ್ ಬಂದರೆ ಟಿವಿ ಸದ್ದು ಪೂರ್ತಿ ತಗ್ಗಿಸಿ, ಒಬ್ಬನೇ ಕೂತು ತಾನೇ ಕಾಮೆಂಟರಿ ಹೇಳುತ್ತಾನೆ. ಆಗ ಅಷ್ಟು ಉಗ್ಗುವುದಿಲ್ಲ. ದೊಡ್ಡವನಾದ ಮೇಲೆ ಇದೇ ಕೆಲಸ ಮಾಡ್ತೀನಿ ಅಂತಾನೆ. ಮನೆಗೆ ಬಂದ ನೆಂಟರು ನಗ್ತಾರೆ. ಉಗ್ಗುವವರು ಯಾರಾದರೂ ಈ ಕೆಲಸದಲ್ಲಿ ಹೆಸರು ಮಾಡಿದ್ದಾರಾ ಸಾರ್?
— ಒಬ್ಬ ತಾಯಿ, ತಿಪಟೂರು

ಉತ್ತರ: ಮಾಡಿದ್ದಾರೆ ತಾಯಿ. ಆದರೆ ಕ್ರಿಕೆಟ್‌ನವರಲ್ಲ, ಗಾಲ್ಫ್‌ನವರು. ಹೆಸರು ಕೆನ್ ವೆಂಚುರಿ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1931ರಲ್ಲಿ ಹುಟ್ಟಿದವರು. ಚಿಕ್ಕವರಿದ್ದಾಗ ಎಷ್ಟು ಉಗ್ಗುತ್ತಿದ್ದರು ಅಂದರೆ, ಇವನಿಗೆ ಸರಿಯಾಗಿ ಮಾತು ಬರುವುದೇ ಇಲ್ಲ ಅಂತ ಶಾಲೆಯ ಮೇಡಂ ಅವರಮ್ಮನಿಗೆ ಹೇಳಿ ಕಳಿಸಿದ್ದರಂತೆ. ಹಾಗಾದರೆ ಮುಂದೇನು ಮಾಡ್ತೀಯಪ್ಪಾ ಅಂತ ಅಮ್ಮ ಕೇಳಿದಾಗ ಹುಡುಗ ಆರಿಸಿಕೊಂಡಿದ್ದು ಗಾಲ್ಫ್. ಯಾಕೆ? ಅವನಿಗೆ ಗೊತ್ತಿದ್ದ ಆಟಗಳಲ್ಲೆಲ್ಲ ಅದೇ ಒಂಟಿ ಆಟ. ಯಾರ ಜೊತೆಗೂ ಮಾತಾಡಬೇಕಾಗಿಲ್ಲ. ಅಪ್ಪ ಹಾರ್ಡಿಂಗ್ ಪಾರ್ಕ್ ಅನ್ನುವ ಊರ ಗಾಲ್ಫ್ ಮೈದಾನದಲ್ಲಿ ಅಂಗಡಿ ನೋಡಿಕೊಳ್ಳುತ್ತಿದ್ದರು. ಹುಡುಗ ಅಲ್ಲೇ ಬೆಳೆದ.

ಇದನ್ನು ಓದಿದಾಗಲೆಲ್ಲ ನನಗೆ ನನ್ನ ಕಥೆ ನೆನಪಾಗುತ್ತದೆ. ನನಗೂ ಉಗ್ಗು ಇತ್ತು. 'ಪ' ಅಕ್ಷರ ಬಂದರೆ ತುಟಿ ಕಚ್ಚಿಕೊಂಡು ಬಿಡುತ್ತಿತ್ತು. ಗ್ರಹಚಾರಕ್ಕೆ ನಮ್ಮಜ್ಜಿ ಮನೆ ಪಾಂಡವಪುರ! ಮೈಸೂರಲ್ಲಿ ಬಸ್ ಹತ್ತಿದರೆ ಕಂಡಕ್ಟರ್ ಹತ್ತಿರ ಬರುವಷ್ಟರಲ್ಲಿ ಅಂಗೈ ಬೆವೆತಿರುತ್ತಿತ್ತು. ಕೊನೆಗೆ 'ಮೇಲುಕೋಟೆ' ಅಂತ ಹೇಳಿ, ಜಾಸ್ತಿ ದುಡ್ಡು ಕೊಟ್ಟು, ಪಾಂಡವಪುರದಲ್ಲಿ ಇಳಿದುಬಿಡುತ್ತಿದ್ದೆ. "ಏ ಮರಿ, ಮೇಲುಕೋಟೆ ಇನ್ನೂ ಬಂದಿಲ್ಲ ಕಣೋ" ಅಂತ ಕಂಡಕ್ಟರ್ ಹಿಂದಿನಿಂದ ಕೂಗುತ್ತಿದ್ದ. ನಾನು ತಿರುಗಿ ನೋಡುತ್ತಿರಲಿಲ್ಲ. ಉಗ್ಗುವವರು ಮಾಡುವ ಲೆಕ್ಕ ಇದು. ಬಾರದ ಮಾತಿನ ಪಕ್ಕದಲ್ಲಿ ಬರುವ ಮಾತು ಎಲ್ಲಿದೆ ಅಂತ ಹುಡುಕುವುದು. ನಾನು ಮೈಕಿನ ಹತ್ತಿರವೂ ಸುಳಿಯದೆ ಪೆನ್ನು ಹಿಡಿದೆ. ವೆಂಚುರಿ ಮೈಕನ್ನೇ ಹಿಡಿದರು. ಅದಕ್ಕೇ ಅವರ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು, ಜಾಸ್ತಿ ಪ್ರೀತಿ.

ಮೊದಲು ಆಟದ ಮಾತು. 1956ರ ಏಪ್ರಿಲ್, ಅಮೆರಿಕದ ಜಾರ್ಜಿಯಾ ರಾಜ್ಯದ ಆಗಸ್ಟಾದಲ್ಲಿ ಮಾಸ್ಟರ್ಸ್ ಪಂದ್ಯ, ಗಾಲ್ಫ್‌ನ ದೊಡ್ಡ ಪಂದ್ಯಗಳಲ್ಲೊಂದು. ವೆಂಚುರಿಗೆ ಇನ್ನೂ 24. ದುಡ್ಡಿಗಾಗಿ ಆಡದ ಹವ್ಯಾಸಿ. ಮೂರು ದಿನ ಮುಗಿದಾಗ ಎಲ್ಲರಿಗಿಂತ 4 ಹೊಡೆತ ಮುಂದಿದ್ದರು. ಗಾಲ್ಫ್‌ನಲ್ಲಿ ಹೊಡೆತ ಕಡಿಮೆ ಆದಷ್ಟೂ ಒಳ್ಳೆಯದು, ಗೊತ್ತಲ್ವಾ. ಮೊದಲ ದಿನ 66ರಲ್ಲಿ ಮುಗಿಸಿದ್ದವರು ಕೊನೆಯ ದಿನ ಗಾಳಿಗೆ ಸಿಕ್ಕಿ 80 ಹೊಡೆದರು. 8 ಹೊಡೆತ ಹಿಂದಿದ್ದ ಜ್ಯಾಕ್ ಬರ್ಕ್ ಒಂದೇ ಒಂದು ಹೊಡೆತದಿಂದ ಗೆದ್ದುಕೊಂಡು ಹೋದರು. ಹವ್ಯಾಸಿಯೊಬ್ಬ ಮಾಸ್ಟರ್ಸ್ ಗೆದ್ದದ್ದು ಇವತ್ತಿಗೂ ಇಲ್ಲ.

ಇಲ್ಲೊಂದು ತಮಾಷೆ ಇದೆ. ಮಾಸ್ಟರ್ಸ್ ಪಂದ್ಯವನ್ನು ಟಿವಿಯಲ್ಲಿ ಮೊದಲ ಸಲ ತೋರಿಸಿದ್ದು ಅದೇ ವರ್ಷ. ತೋರಿಸಿದ್ದು ಸಿಬಿಎಸ್ ಅನ್ನುವ ಅಮೆರಿಕದ ಟಿವಿ ಕಂಪನಿ. ಅಂದರೆ ಈ ಮನುಷ್ಯ ಟಿವಿಯವರಿಗೆ ಮೊದಲು ಸಿಕ್ಕಿದ್ದು ಸೋಲುವ ದಿನ. ಮುಂದೆ ಅದೇ ಸಿಬಿಎಸ್ ಅವರ ಕೈಗೆ ಮೈಕು ಕೊಟ್ಟಿತು. ಅದೇ ಆಗಸ್ಟಾದಲ್ಲಿ ಕೂತು, ಕೊನೆಯ ದಿನ ಕುಸಿಯುವ ಹುಡುಗರ ಬಗ್ಗೆ ಅವರು ಮಾತಾಡಬೇಕಾಯಿತು.

ವೃತ್ತಿ ಆಟಗಾರರಾಗಿ ಬೇಗ ಬೇಗ ಗೆದ್ದರು. ಆಮೇಲೆ 1961ರಿಂದ ಆಟ ಕೈ ಕೊಟ್ಟಿತು. ಕಾರು ಅಪಘಾತ, ಬೆನ್ನು ನೋವು. 1963ರಲ್ಲಿ ಇಡೀ ವರ್ಷ ಆಡಿ ಗಳಿಸಿದ್ದು 4 ಸಾವಿರ ಡಾಲರಿಗೂ ಕಡಿಮೆ. ಮಾರನೇ ವರ್ಷ ಗಾಲ್ಫ್‌ನ ಇನ್ನೊಂದು ದೊಡ್ಡ ಪಂದ್ಯ ಯುಎಸ್ ಓಪನ್ ಆಡುವುದಕ್ಕೆ ಅರ್ಹತಾ ಸುತ್ತುಗಳಲ್ಲಿ ಹೊಸಬರ ಜೊತೆ ನಿಲ್ಲಬೇಕಾಯಿತು.

ಆ ಓಪನ್ನೇ ಅವರ ಬದುಕು. 1964ರ ಜೂನ್ 20, ಶನಿವಾರ. ವಾಷಿಂಗ್ಟನ್ ಪಕ್ಕದ ಕಾಂಗ್ರೆಷನಲ್ ಮೈದಾನ. ಬಿಸಿಲು 38 ಡಿಗ್ರಿ ಹತ್ತಿರ, ಜೊತೆಗೆ ಮೈಗೆ ಅಂಟುವ ಸೆಕೆ. ಆಗ ಕೊನೆಯ ದಿನ ಎರಡು ಸುತ್ತು, ಅಂದರೆ ಒಟ್ಟು 36 ಗುಳಿಗಳಿಗೆ ಚೆಂಡು ಬೀಳಿಸಬೇಕಿತ್ತು. ಬೆಳಗ್ಗೆ ಶುರು ಮಾಡಿದಾಗ ಎಲ್ಲರಿಗಿಂತ ಮುಂದಿದ್ದ ಟಾಮಿ ಜೇಕಬ್ಸ್‌ಗಿಂತ 6 ಹೊಡೆತ ಹಿಂದೆ. ಮೊದಲ ಒಂಬತ್ತು ಗುಳಿ ಬರೀ 30 ಹೊಡೆತದಲ್ಲಿ ಮುಗಿಸಿದರು. ಸುತ್ತಿನ ಕೊನೆಗೆ ಕಾಲು ತಡವರಿಸತೊಡಗಿತು. ಪುಟ್ಟ ಪುಟ್ಟ ಪಟ್‌ಗಳು, ಅಂದರೆ ಗುಳಿಯ ಹತ್ತಿರದಿಂದ ಚೆಂಡನ್ನು ಮೆಲ್ಲಗೆ ತಳ್ಳುವ ಹೊಡೆತಗಳು, ತಪ್ಪಿದವು. ಆದರೂ 66. ಬಿಡುವಿನಲ್ಲಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಅಂಗಾತ ಮಲಗಿಸಿದರು. ಟೀ ಕೊಟ್ಟರು, ಉಪ್ಪಿನ ಮಾತ್ರೆ ಕೊಟ್ಟರು. ಇನ್ನು ಆಡಬೇಡ, ಪ್ರಾಣಕ್ಕೆ ಅಪಾಯ ಅಂತ ಡಾಕ್ಟರ್ ಹೇಳಿದರು. ಕೇಳಬೇಕಲ್ಲ! ಮಧ್ಯಾಹ್ನ ಡಾಕ್ಟರೇ ಒದ್ದೆ ಟವೆಲ್ ಹಿಡಿದು ಜೊತೆಗೆ ನಡೆದರು.

ಜೇಕಬ್ಸ್ ಮಧ್ಯಾಹ್ನ 76ಕ್ಕೆ ಬಿದ್ದರು. ವೆಂಚುರಿ 70. 4 ಹೊಡೆತದಿಂದ ಗೆದ್ದರು. ಕೊನೆಯ ಪಟ್ ಒಳಗೆ ಬಿದ್ದ ಮೇಲೆ ಬಗ್ಗಿ ಚೆಂಡು ಎತ್ತಿಕೊಳ್ಳುವ ತ್ರಾಣ ಇರಲಿಲ್ಲ. ಜೊತೆಗೆ ಆಡುತ್ತಿದ್ದ 21ರ ಹುಡುಗ ರೇಮಂಡ್ ಫ್ಲಾಯ್ಡ್ ತೆಗೆದುಕೊಟ್ಟ. ಕೊಡುವಾಗ ಅವನ ಕಣ್ಣಲ್ಲಿ ನೀರು. ಆಮೇಲೆ ಸ್ಕೋರ್‌ಕಾರ್ಡ್ ಮುಂದೆ ಕೂತರೆ ಯಾವ ಗುಳಿಗೆ ಎಷ್ಟು ಹೊಡೆದೆ ಅನ್ನುವುದೇ ನೆನಪಿಲ್ಲ. ಹೊಡೆದದ್ದಕ್ಕಿಂತ ಕಡಿಮೆ ಬರೆದ ಕಾರ್ಡಿಗೆ ಸಹಿ ಹಾಕಿದರೆ ಗೆದ್ದದ್ದೂ ಹೋಗುತ್ತದೆ. ಕೈ ನಡುಗುತ್ತಾ ಕೂತಿದ್ದಾಗ, ದಿನವಿಡೀ ಜೊತೆಗೆ ನಡೆದಿದ್ದ ಅಧಿಕಾರಿ ಜೋ ಡೇ ಹಿಂದೆ ನಿಂತು, ಸಹಿ ಹಾಕಪ್ಪ, ಸರಿಯಾಗಿದೆ ಅಂದರು.

ಇಷ್ಟೆಲ್ಲ ಆಗಿ ಆಟ ಉಳಿಯಲಿಲ್ಲ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡು ಬೆರಳು ಮರಗಟ್ಟುವ ಕಾಯಿಲೆ ಬಂತು. ಅದಕ್ಕೆ ಕಾರ್ಪಲ್ ಟನಲ್ ಅಂತಾರೆ. ಈಗ ಕಂಪ್ಯೂಟರ್ ಕುಟ್ಟುವವರ ಬಾಯಲ್ಲೂ ಆ ಹೆಸರು ಕೇಳುತ್ತೇವೆ. ಆಪರೇಷನ್ ಆಯಿತು. 1966ರಲ್ಲಿ ಹುಟ್ಟೂರಿನ ಅದೇ ಹಾರ್ಡಿಂಗ್ ಪಾರ್ಕಿನಲ್ಲಿ ಒಂದು ಪಂದ್ಯ ಗೆದ್ದರು. ಅದು 14ನೆಯದು, ಅದೇ ಕೊನೆಯದು.

1968ರಲ್ಲಿ ಸಿಬಿಎಸ್ ಕರೆಯಿತು. 2002ರವರೆಗೆ, ಸುಮಾರು 35 ವರ್ಷ ಅಲ್ಲೇ. ಮಾತು ಬಾರದು ಅಂತ ಕಳಿಸಿದ್ದ ಹುಡುಗ! ನಾನು ಅವರ ದನಿ ಕೇಳಿದ್ದು ಹಳೆಯ ವಿಡಿಯೊಗಳಲ್ಲಿ. ಚಮತ್ಕಾರದ ಮಾತಿಲ್ಲ, ಜೋಕಿಲ್ಲ. ನಿಜ ಹೇಳಬೇಕೆಂದರೆ ಮಾತಿನ ಮೋಡಿಯಲ್ಲಿ ಅವರನ್ನು ಮೀರಿಸಿದವರು ಬೇಕಾದಷ್ಟಿದ್ದಾರೆ. ಆದರೆ ಈ ಪಟ್ ಕಷ್ಟ ಅಂತ ಅವರು ಹೇಳಿದರೆ, ಅದು ಕಷ್ಟ ಅನುಭವಿಸಿದವನ ಮಾತು. ನೆಂಟರಿಗೆ ಇದನ್ನು ಹೇಳಿ.

ಇನ್ನು ನಿಮ್ಮ ಹುಡುಗನ ವಿಷಯ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಉಗ್ಗಿಗೆ ಅಲ್ಲಿ ತರಬೇತಿ ಪಡೆದವರೇ ಚಿಕಿತ್ಸೆ ಕೊಡುತ್ತಾರೆ. ಒಂದು ಸಲ ಕರೆದುಕೊಂಡು ಹೋಗಿ. ಮನೆಯಲ್ಲಿ ಅವನು ತಡವರಿಸಿದರೆ ನೀವು ವಾಕ್ಯ ಮುಗಿಸಿಕೊಡಬೇಡಿ. ನಿಧಾನವಾಗಿ ಹೇಳೋ ಅಂತಲೂ ಅನ್ನಬೇಡಿ. ಸುಮ್ನೆ ಕಾಯಿರಿ. ಬೆಣಚುಕಲ್ಲು, ಬಜೆ ಅಂತ ನನ್ನ ನಾಲಿಗೆಗೆ ತಿಕ್ಕದ ವಸ್ತು ಇಲ್ಲ. ಒಂದರಿಂದಲೂ ಪ್ರಯೋಜನ ಆಗಲಿಲ್ಲ. ಮತ್ತೆ ಆ ಟಿವಿ ಸದ್ದು ತಗ್ಗಿಸುವ ಅಭ್ಯಾಸ ಇದೆಯಲ್ಲ, ಅದನ್ನು ತಪ್ಪಿಸಬೇಡಿ. ಒಬ್ಬರೇ ಇರುವಾಗ ಉಗ್ಗು ಕಡಿಮೆ ಆಗುವುದು ತುಂಬಾ ಜನರಲ್ಲಿ ಇದೆ.

ಪ್ರಶ್ನೆ: ಗಾಲ್ಫ್ ಕಾಮೆಂಟರಿಯವರು ಗುಟ್ಟು ಹೇಳುವ ಹಾಗೆ ಯಾಕೆ ಪಿಸುಗುಟ್ಟುತ್ತಾರೆ?
— ಕಾಲೇಜು ಹುಡುಗ, ಶಿರಸಿ

ಉತ್ತರ: ಗುಳಿಯ ಹತ್ತಿರವೇ ಅಟ್ಟಣಿಗೆ ಕಟ್ಟಿ ಕೂರಿಸಿರುತ್ತಾರೆ. ಕೆಲವರು ಆಟಗಾರರ ಹಿಂದೆಯೇ ಮೈಕು ಹಿಡಿದು ನಡೆಯುತ್ತಾರೆ. ಗಟ್ಟಿ ಮಾತಾಡಿದರೆ ಆಟಗಾರನಿಗೆ ಕೇಳಿಸುತ್ತದೆ. ನಾನು ಬೆಂಗಳೂರಲ್ಲಿ ಮೊದಲ ಸಲ ಗಾಲ್ಫ್ ವರದಿಗೆ ಹೋದಾಗ ಜೇಬಿನಲ್ಲಿ ಕಡಲೆಕಾಯಿ ಇತ್ತು. ಆಟಗಾರ ಪಟ್‌ಗೆ ಬಗ್ಗಿದ್ದ. ನಾನು 'ಟಪ್' ಅಂತ ಒಂದು ಒಡೆದೆ. ಅವನು ನೆಟ್ಟಗೆ ನಿಂತು, ತಿರುಗಿ, ನನ್ನ ಕೈಯನ್ನೇ ನೋಡಿದ. ಸುತ್ತಲಿನ ಇನ್ನೂರು ಜನವೂ ನೋಡಿದರು. ಒಡೆದ ಕಾಯಿಯನ್ನು ಸಂಜೆವರೆಗೆ ಮುಷ್ಟಿಯಲ್ಲೇ ಹಿಡಿದುಕೊಂಡಿದ್ದೆ.

ಪ್ರಶ್ನೆ: ಆರ್ನಾಲ್ಡ್ ಪಾಮರ್‌ಗೂ ವೆಂಚುರಿಗೂ ಜಗಳ ಇತ್ತಂತೆ?
— ನಿವೃತ್ತ ಬ್ಯಾಂಕ್ ನೌಕರರು, ದಾವಣಗೆರೆ

ಉತ್ತರ: ಇತ್ತು. ಪಾಮರ್ ಕೂಡ ಅದೇ ಕಾಲದ ದೊಡ್ಡ ಅಮೆರಿಕನ್ ಗಾಲ್ಫ್ ಆಟಗಾರ. 1958ರ ಮಾಸ್ಟರ್ಸ್‌ನ 12ನೇ ಗುಳಿಯಲ್ಲಿ ಪಾಮರ್ ಚೆಂಡು ಕೆಸರಲ್ಲಿ ಹೂತಿತ್ತು. ಅವರು ಹೂತ ಚೆಂಡನ್ನೂ ಆಡಿದರು, ಆಮೇಲೆ ಇನ್ನೊಂದು ಚೆಂಡು ಇಟ್ಟು ಅದನ್ನೂ ಆಡಿದರು. ಎರಡನೆಯದೇ ಲೆಕ್ಕಕ್ಕೆ ಅಂತ ತೀರ್ಪು ಅವರ ಕಡೆಗಾಯಿತು. ಅದು ನಿಯಮದ ಪ್ರಕಾರ ಅಲ್ಲ ಅಂತ ವೆಂಚುರಿ 2004ರಲ್ಲಿ ಬಂದ ತಮ್ಮ ಪುಸ್ತಕದಲ್ಲೂ ಬರೆದರು. 46 ವರ್ಷ ಹಿಡಿದಿಟ್ಟುಕೊಂಡ ಕೋಪ! 1960ರಲ್ಲೂ ಪಾಮರ್ ಕೊನೆಯ ಎರಡು ಗುಳಿಯಲ್ಲಿ ಚೆನ್ನಾಗಿ ಆಡಿ, ಒಂದೇ ಹೊಡೆತದಿಂದ ಇವರ ಕೈಯಿಂದ ಮಾಸ್ಟರ್ಸ್ ಕಸಿದುಕೊಂಡಿದ್ದರು. ನನ್ನ ಪ್ರಕಾರ ಕೆಸರಿಗಿಂತ ಅದೇ ಜಾಸ್ತಿ ಉರಿಸಿರಬೇಕು.

ಪ್ರಶ್ನೆ: ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಆಟ ನೋಡಲು ಬೆಳಗಿನ ಜಾವ ಎದ್ದು ಕೂತಿದ್ದೆ. ಮೈನಸ್ 15 ಅಂತ ಬರುತ್ತಿತ್ತು. ಮೈನಸ್ ಬಂದರೆ ಯಾಕೆ ಖುಷಿ ಪಡಬೇಕು?
— ಗೃಹಿಣಿ, ಮಂಡ್ಯ

ಉತ್ತರ: ಪ್ರತಿ ಗುಳಿಗೂ ಇಷ್ಟು ಹೊಡೆತ ಸಾಕು ಅಂತ ಒಂದು ಲೆಕ್ಕ ಇದೆ. ಅದಕ್ಕೆ ಪಾರ್ ಅಂತಾರೆ. ಅದಿತಿ ನಾಲ್ಕು ದಿನದಲ್ಲಿ ಆ ಲೆಕ್ಕಕ್ಕಿಂತ 15 ಹೊಡೆತ ಉಳಿಸಿದರು. ಮೈನಸ್ 16 ಇದ್ದವರಿಗೆ ಪದಕ ಸಿಕ್ಕಿತು, ಒಂದೇ ಹೊಡೆತದಿಂದ ಇವರು ನಾಲ್ಕನೆಯವರಾದರು. ಬ್ಯಾಗ್ ಹೊತ್ತು ಜೊತೆಗೆ ನಡೆದವರು ಅವರಮ್ಮ, ನೋಡಿರುತ್ತೀರಿ.

ಹೀಗೆ ಪಾರ್‌ಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಅಂತ ಟಿವಿಯಲ್ಲಿ ತೋರಿಸುವ ಪದ್ಧತಿ ತಂದವರು ಸಿಬಿಎಸ್‌ನ ಫ್ರಾಂಕ್ ಚಿರ್ಕಿನಿಯನ್. ವೆಂಚುರಿ ಕೆಲಸ ಮಾಡಿದ್ದು ಇದೇ ಮನುಷ್ಯನ ಕೈಕೆಳಗೆ. ಅದಕ್ಕೆ ಮೊದಲು ಒಟ್ಟು ಹೊಡೆತ ತೋರಿಸುತ್ತಿದ್ದರು. ಒಬ್ಬ 12 ಗುಳಿ, ಇನ್ನೊಬ್ಬ 15 ಗುಳಿ ಮುಗಿಸಿದ್ದರೆ ಯಾರು ಮುಂದೆ ಅಂತ ತಿಳಿಯಲು ಕೂಡಿ ಕಳೆಯಬೇಕಿತ್ತು. ಅದಿತಿ ಆಡಿದ ದಿನ ನಮ್ಮ ಮನೆಯಲ್ಲೂ ಟಿವಿ ಹಚ್ಚಿತ್ತು. ಕಾಫಿ ತಂದ ನಮ್ಮಾಕೆ ಪರದೆ ನೋಡಿ, "ಅಯ್ಯೋ ಪಾಪ, ಇಷ್ಟು ಸಣ್ಣ ಹುಡುಗಿಗೆ ಅಷ್ಟೊಂದು ಸಾಲ ಹಾಕಿದ್ದಾರಲ್ರೀ" ಅಂದಳು.